ಡ್ರೈವರ್ ಸೀಟಿನಿಂದ: ಜೀಪು, ಜಿಪ್ಸಿ, ಬೊಲೆರೊ, ಎರ್ಟಿಗಾ

ನಾನು ಪೊಲೀಸ್ ಡ್ರೈವರ್ ಆಗಿದ್ದೆ ಅಂತ ಗೊತ್ತಾದರೆ ಸಾಕು, ಜನ ಕೇಳುವ ಮೊದಲ ಪ್ರಶ್ನೆ "ಎಷ್ಟು ಸ್ಪೀಡ್ ಹೊಡೆದಿದ್ದೀರಿ?" ಎರಡನೇದು "ಚೇಸಿಂಗ್ ಮಾಡಿದ್ದೀರಾ?" ಮೊನ್ನೆ ತರೀಕೆರೆಯ ಒಂದು ಮದುವೆ ಊಟದಲ್ಲಿ ಪಕ್ಕದ ಎಲೆಗೆ ಕೂತಿದ್ದ ಹುಡುಗನೂ ಇದನ್ನೇ ಕೇಳಿದ. ಹೋಳಿಗೆ ಬರುವವರೆಗೆ ಹೇಳಿದೆ. ಆಮೇಲೆ ಇಬ್ಬರಿಗೂ ಮಾತು ಬೇಡವಾಯಿತು. ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಸಿನಿಮಾದಲ್ಲಿ ಪೊಲೀಸ್ ಗಾಡಿ ಓಡುತ್ತದೆ. ನಿಜದಲ್ಲಿ ಅದು ನಿಂತಿರುವುದೇ ಜಾಸ್ತಿ. ಸರ್ಕಲ್‌ನಲ್ಲಿ ನಿಲ್ಲುತ್ತದೆ, ಚೆಕ್‌ಪೋಸ್ಟ್‌ನಲ್ಲಿ ನಿಲ್ಲುತ್ತದೆ, ಕೋರ್ಟ್ ಮುಂದೆ, ಜಾತ್ರೆ ಗದ್ದೆಯಲ್ಲಿ, ಶವಾಗಾರದ ಹಿಂದೆ ನಿಲ್ಲುತ್ತದೆ. ನಮ್ಮ ಊಟ, ನಿದ್ದೆ, ಸ್ಟೇಟ್‌ಮೆಂಟ್ ಬರೆಯೋದು, ಸಾಹೇಬರ ಬೈಗುಳ, ಎಲ್ಲಾ ಅದರೊಳಗೇ. ಹಾಗಾಗಿ ಯಾವ ಗಾಡಿ ಚೆನ್ನಾಗಿತ್ತು ಅಂತ ಒಬ್ಬ ಪೊಲೀಸನ್ನು ಕೇಳಬೇಕಾದರೆ, ಅವನು ಯಾವ ಸೀಟಲ್ಲಿ ಕೂರುತ್ತಿದ್ದ ಅಂತ ಮೊದಲು ಕೇಳಿ. ಡ್ರೈವರ್ ಒಂದು ಹೇಳುತ್ತಾನೆ. ಮುಂದಿನ ಎಡಗಡೆ ಸೀಟಿನ ಸಾಹೇಬರು ಇನ್ನೊಂದು ಹೇಳುತ್ತಾರೆ. ಹಿಂದೆ ಲಾಠಿ, ಹೆಲ್ಮೆಟ್, ಊಟದ ಕ್ಯಾರಿಯರ್ ಜೊತೆ ಕೂರುವ ಪಿಸಿ, ಅಂದರೆ ಕಾನ್ಸ್‌ಟೇಬಲ್, ಹೇಳುವುದೇ ಬೇರೆ.

ನಾನು ಚಿಕ್ಕಮಗಳೂರು ಜಿಲ್ಲೆಯಲ್ಲಿ ಎಪಿಸಿ, ಅಂದರೆ ಸಶಸ್ತ್ರ ಪೊಲೀಸ್ ಕಾನ್ಸ್‌ಟೇಬಲ್ ಆಗಿ ಸೇರಿದವನು. ಡಿಎಆರ್, ಅಂದರೆ ಜಿಲ್ಲಾ ಸಶಸ್ತ್ರ ಮೀಸಲು ಪಡೆಯ ಡ್ರೈವರ್. ಎಆರ್‌ಎಸ್ಐ (ಅಸಿಸ್ಟೆಂಟ್ ರಿಸರ್ವ್ ಸಬ್ ಇನ್‌ಸ್ಪೆಕ್ಟರ್) ಆಗಿ ನಿವೃತ್ತನಾದೆ. ಶೃಂಗೇರಿ, ಕೊಪ್ಪ, ಮೂಡಿಗೆರೆ, ಕಡೂರು, ಎಲ್ಲಾ ಕಡೆ ಗಾಡಿ ಓಡಿಸಿದ್ದೇನೆ. ಕಡೂರಿನ ಬಯಲಿಗೆ ಬೇಕಾದ ಗಾಡಿಯೇ ಬೇರೆ, ಕೊಪ್ಪದ ಎಸ್ಟೇಟ್ ರಸ್ತೆಗೆ ಬೇಕಾದ ಗಾಡಿಯೇ ಬೇರೆ. ಆದರೆ ಇಲಾಖೆಯಲ್ಲಿ ಎಲ್ಲರಿಗೂ ಒಂದೇ ಗಾಡಿ ಬರುತ್ತದೆ.

ನನ್ನ ಕೈಗೆ ಮೊದಲು ಸಿಕ್ಕಿದ್ದು ಮಹೀಂದ್ರಾ ಜೀಪು. ಡೀಸೆಲ್ ಇಂಜಿನ್, ಮೇಲೆ ಕ್ಯಾನ್ವಾಸ್ ಹುಡ್, ಪವರ್ ಸ್ಟೀರಿಂಗ್ ಇಲ್ಲ. ಸಂಜೆ ಹೊತ್ತಿಗೆ ಭುಜ ಹಿಡಿದುಕೊಳ್ಳುತ್ತಿತ್ತು. ಮಳೆಗಾಲದಲ್ಲಿ ಪಕ್ಕದ ಪರದೆಗಳನ್ನು ಬೆಲ್ಟ್ ಹಾಕಿ ಬಿಗಿಯಬೇಕು. ಎಷ್ಟು ಬಿಗಿದರೂ ಬಲಗಾಲಿನ ಶೂ ಒದ್ದೆಯಾಗೇ ಆಗುತ್ತದೆ. ಶೃಂಗೇರಿ ಕಡೆ ಜೂನ್‌ನಲ್ಲಿ ಒದ್ದೆಯಾದ ಶೂ ಸೆಪ್ಟೆಂಬರ್‌ವರೆಗೂ ಒಣಗುವುದಿಲ್ಲ. ಒಲೆಯ ಮೇಲೆ ಇಟ್ಟು ಒಣಗಿಸೋಣ ಅಂತ ಹೋಗಿ ಶೂ ಸುಟ್ಟುಕೊಂಡವರನ್ನು ನೋಡಿದ್ದೇನೆ.

ಜೀಪಿನ ದೊಡ್ಡ ತೊಂದರೆ ಸದ್ದು. ಕಣಿವೆಯ ಊರುಗಳಿಗೆ ಜೀಪಿನ ಸದ್ದು ನಮಗಿಂತ ಮುಂಚೆ ತಲುಪುತ್ತಿತ್ತು. ಕಳ್ಳಬಟ್ಟಿ ರೇಡ್‌ಗೆ ಹೋದರೆ ಒಲೆ ಬಿಸಿ ಇರುತ್ತಿತ್ತು, ಜನ ಇರುತ್ತಿರಲಿಲ್ಲ. ಇಸ್ಪೀಟ್ ರೇಡ್‌ಗೆ ಹೋದರೆ ಎಲೆಗಳು ಚಾಪೆಯ ಮೇಲೆ, ಆಟಗಾರರು ಕಾಫಿ ತೋಟದೊಳಗೆ. "ಇಳಿಜಾರಲ್ಲಿ ಇಂಜಿನ್ ಆಫ್ ಮಾಡಿ ಸುಮ್ನೆ ಉರುಳಿಸಿಕೊಂಡು ಹೋಗೋ" ಅಂತ ಸಾಹೇಬರು ಹೇಳುತ್ತಿದ್ದರು. ಸಾಹೇಬರಿಗೇನು, ಹೇಳುತ್ತಾರೆ. ತಿರುವಿನಲ್ಲಿ ಕೇರಳದ ಮರದ ಲಾರಿ ಎದುರು ಬಂದರೆ ಬ್ರೇಕ್ ಹಿಡಿಯಬೇಕಾದವನು ನಾನು.

ಆದರೂ ಜೀಪನ್ನು ಬೈದವರು ಕಡಿಮೆ. ಯಾಕೆ ಅಂದರೆ ಅದು ಕೆಟ್ಟರೆ ರಿಪೇರಿ ಮಾಡಲು ನಾವೇ ಸಾಕು. ಸ್ಪ್ಯಾನರ್, ತಂತಿ, ಸ್ವಲ್ಪ ಸೋಪು. ಡೀಸೆಲ್ ಟ್ಯಾಂಕ್ ಸೋರಿದರೆ ಸೋಪು ಒತ್ತಿ ಠಾಣೆಗೆ ತರುವುದು ಆಗಿನ ಎಲ್ಲಾ ಡ್ರೈವರ್‌ಗಳಿಗೆ ಗೊತ್ತಿದ್ದ ವಿದ್ಯೆ. ಇನ್ನೊಂದು ಅಭ್ಯಾಸ ಇತ್ತು: ರಾತ್ರಿ ಗಾಡಿ ನಿಲ್ಲಿಸುವಾಗ ಮೂತಿ ಇಳಿಜಾರಿನ ಕಡೆಗೇ ಇರಬೇಕು. ವೈರ್‌ಲೆಸ್ ಸೆಟ್ಟು ಬ್ಯಾಟರಿ ಕುಡಿದು ಬಿಟ್ಟಿರುತ್ತದೆ, ಬೆಳಗಿನ ಜಾವ ಸ್ಟಾರ್ಟ್ ಆಗುವುದಿಲ್ಲ. ಇಳಿಜಾರಲ್ಲಿದ್ದರೆ ಸೆಕೆಂಡ್ ಗೇರ್ ಹಾಕಿ ಕ್ಲಚ್ ಬಿಟ್ಟರೆ ಆಯ್ತು. ನಿವೃತ್ತನಾದ ಮೇಲೂ ನಾನು ನಮ್ಮ ಮನೆಯ ಕಾರನ್ನು ಹಾಗೇ ನಿಲ್ಲಿಸುತ್ತೇನೆ. ಹೆಂಡತಿ ನಗುತ್ತಾಳೆ.

ಜೀಪನ್ನು ನಿಜವಾಗಿ ದ್ವೇಷಿಸಿದವರು ಮಹಿಳಾ ಸಿಬ್ಬಂದಿ. ಆಗ ಅವರಿಗೆ ಸೀರೆ ಯೂನಿಫಾರ್ಮ್. ಜೀಪಿನ ಹಿಂದಿನ ಮೆಟ್ಟಿಲು ಮೊಣಕಾಲಿನ ಎತ್ತರಕ್ಕಿತ್ತು. ಹತ್ತುವಾಗ ಒಂದು ಕೈಯಲ್ಲಿ ಸೀರೆ, ಒಂದು ಕೈಯಲ್ಲಿ ಹುಡ್‌ನ ಕಂಬಿ, ಜೊತೆಗೆ ಆರೋಪಿ ಹೆಂಗಸಿದ್ದರೆ ಅವಳನ್ನು ಹಿಡಿಯಲು ಮೂರನೇ ಕೈ ಬೇಕು. ಒಬ್ಬರು ಮೇಡಂ ಆಗ ಹೇಳಿದ್ದು ನೆನಪಿದೆ: "ಈ ಗಾಡಿ ಮಾಡಿದವರ ಮನೇಲಿ ಹೆಂಗಸರೇ ಇರಲಿಲ್ವಾ?" ಈಗ ಪ್ಯಾಂಟು ಶರ್ಟು ಬಂದಿದೆ. ಮೆಟ್ಟಿಲೂ ಸ್ವಲ್ಪ ಕೆಳಗಿಳಿದಿದೆ.

ಜಿಪ್ಸಿ ಬಂದಾಗ ಎಲ್ಲರ ಕಣ್ಣೂ ಅದರ ಮೇಲೆ. ಮಾರುತಿಯವರು ಅದನ್ನು 1985ರಲ್ಲಿ ತಂದರು. ಮೊದಲು ಒಂದು ಲೀಟರಿಗಿಂತ ಚಿಕ್ಕ ಇಂಜಿನ್, ಆಮೇಲೆ 1996ರಲ್ಲಿ 1.3 ಲೀಟರಿನ ಜಿಪ್ಸಿ ಕಿಂಗ್. ಪೆಟ್ರೋಲ್ ಗಾಡಿ, ಹಗುರ, ಫೋರ್ ವೀಲ್ ಡ್ರೈವ್. ಸದ್ದು ಕಡಿಮೆ. ಕೆಸರಲ್ಲಿ ಜೀಪು ಹೂತುಕೊಳ್ಳುವ ಜಾಗದಲ್ಲಿ ಜಿಪ್ಸಿ ದಾಟಿಕೊಂಡು ಹೋಗುತ್ತದೆ. ಕುದುರೆಮುಖದ ಸುತ್ತಮುತ್ತ ನಕ್ಸಲರ ಹುಡುಕಾಟ, ಅಂದರೆ ಕೂಂಬಿಂಗ್, ಜೋರಾಗಿದ್ದ ಕಾಲದಲ್ಲಿ, ಕಾರ್ಕಳದ ಕಡೆಯಿಂದ ನಕ್ಸಲ್ ನಿಗ್ರಹ ದಳದವರು ಬರುತ್ತಿದ್ದಾಗ, ಜಿಪ್ಸಿ ಸಿಕ್ಕಿದ ಡ್ರೈವರ್ ಮೀಸೆ ತಿರುವುತ್ತಿದ್ದ. ಓಡಿಸುವವನಿಗೆ ಅದರಷ್ಟು ಖುಷಿ ಕೊಟ್ಟ ಗಾಡಿ ಇನ್ನೊಂದಿಲ್ಲ. ಇದು ನನ್ನ ಮಾತು. ಹಿಂದೆ ಕೂತವರ ಮಾತು ಕೇಳಿ.

ಹಿಂದೆ ಎರಡು ಬೆಂಚು, ಒಂದಕ್ಕೊಂದು ಮುಖ ಮಾಡಿ. ನಾಲ್ಕೂ ಚಕ್ರಕ್ಕೆ ಪಟ್ಟಿ ಸ್ಪ್ರಿಂಗ್. ಗಾಡಿ ಹಗುರವಾದ್ದರಿಂದ ಪ್ರತಿ ಗುಂಡಿಗೂ ಹಾರುತ್ತದೆ. ಹಾರಿದಾಗ ಎದುರಿನವನ ಮೊಣಕಾಲು ನಿಮ್ಮ ಮೊಣಕಾಲಿಗೆ, ಮೇಲಿನ ಕಂಬಿ ತಲೆಗೆ. ಪಕ್ಕಕ್ಕೆ ತಿರುಗಿ ಕೂತು ಘಾಟಿ ಹತ್ತಿದರೆ ಎಂಥವನಿಗೂ ವಾಂತಿ ಬರುತ್ತದೆ. ಕೊಟ್ಟಿಗೆಹಾರ ಬರುವಷ್ಟರಲ್ಲಿ ಒಬ್ಬೊಬ್ಬರ ಮುಖ ನೋಡಬೇಕು. ಡ್ಯೂಟಿಗೆ ಜಿಪ್ಸಿ ಅಂತ ರೋಲ್ ಕಾಲ್‌ನಲ್ಲಿ ಕೇಳಿದ ಕೂಡಲೇ ನಿಂಬೆಹಣ್ಣು ಹುಡುಕುತ್ತಿದ್ದ ಒಬ್ಬ ಹೆಡ್ ಕಾನ್ಸ್‌ಟೇಬಲ್ ಇದ್ದರು. ಸಾಹೇಬರಿಗೆ ಮಾತ್ರ ಮುಂದಿನ ಸೀಟು, ಅದೂ ಚೆಂದದ ಸೀಟು. ಅದಕ್ಕೇ ಜಿಪ್ಸಿ ಬಗ್ಗೆ ಪಿಎಸ್ಐಗಳೆಲ್ಲ ಇವತ್ತಿಗೂ ಪ್ರೀತಿಯಿಂದ ಮಾತಾಡುತ್ತಾರೆ. ಪಿಸಿಗಳು ಮಾತಾಡುವುದಿಲ್ಲ.

ಪೆಟ್ರೋಲ್ ಖರ್ಚೂ ಒಂದು ತಲೆನೋವು. ತಿಂಗಳಿಗೆ ಇಷ್ಟೇ ಇಂಧನ ಅಂತ ಲೆಕ್ಕ ಇರುತ್ತದೆ. ಜಿಪ್ಸಿಯಲ್ಲಿ ಅದು ಇಪ್ಪತ್ತನೇ ತಾರೀಕಿಗೇ ಕೈ ಕೊಡುತ್ತಿತ್ತು. ಆಮೇಲೆ ಲಾಗ್ ಬುಕ್ ಹಿಡಿದು ಸಾಹೇಬರ ಮುಂದೆ ನಿಂತು ಪ್ರತಿ ಕಿಲೋಮೀಟರಿಗೆ ಕಾರಣ ಹೇಳಬೇಕು. ಜಿಪ್ಸಿಯ ಸಾರ್ವಜನಿಕ ಮಾರಾಟ 2019ರಲ್ಲಿ ನಿಂತಿತು. ಅದೇ ವರ್ಷ ಟಾಟಾ ಸುಮೋ ಕೂಡ ನಿಂತಿತು. ಸುಮೋ 1994ರಿಂದ ಇದ್ದ ಗಾಡಿ. ಅದರ ಬಗ್ಗೆ ನನಗೆ ಹೇಳಲು ಜಾಸ್ತಿ ಏನಿಲ್ಲ. ಎಷ್ಟು ಜನ ಹತ್ತಿದರೂ ಹಿಡಿಯುತ್ತಿತ್ತು, ಅಷ್ಟೇ ಅದರ ಗುಣ. ನಮ್ಮಲ್ಲಿ ಅದು ದೊಡ್ಡ ಗುಣವೇ.

ಎಸ್ಪಿ ಸಾಹೇಬರಿಗೆ ಬಹಳ ಕಾಲ ಬಿಳಿ ಅಂಬಾಸಿಡರ್. ಅದರ ಹಿಂದಿನ ಸೀಟು ನಮ್ಮ ಮನೆಯ ಸೋಫಾಕ್ಕಿಂತ ಚೆನ್ನಾಗಿತ್ತು. ಸಾಹೇಬರು ಮೀಟಿಂಗ್‌ಗೆ ಹೋದರೆ ನಾನು ಮುಂದಿನ ಉದ್ದ ಸೀಟಲ್ಲಿ ಕಾಲು ಚಾಚುತ್ತಿದ್ದೆ. 2014ರ ಮೇನಲ್ಲಿ ಅದನ್ನು ಮಾಡುತ್ತಿದ್ದ ಬಂಗಾಳದ ಉತ್ತರಪಾಡಾ ಫ್ಯಾಕ್ಟರಿ ಬಾಗಿಲು ಹಾಕಿತು. ಅಷ್ಟರಲ್ಲಿ ನಮ್ಮ ಕಡೆ ಇನ್ನೋವಾ ಬಂದಾಗಿತ್ತು. ಇನ್ನೋವಾ ಬಗ್ಗೆ ಇಲಾಖೆಯಲ್ಲಿ ಎರಡು ಮಾತಿಲ್ಲ, ಎಲ್ಲರಿಗೂ ಇಷ್ಟ. ಆದರೆ ಅದು ನಮ್ಮ ಗಾಡಿಯಲ್ಲ, ಸಾಹೇಬರ ಗಾಡಿ. ದೂರದಲ್ಲಿ ಬಿಳಿ ಇನ್ನೋವಾ ಕಂಡರೆ ಚೆಕ್‌ಪೋಸ್ಟ್‌ನಲ್ಲಿ ಟೋಪಿ ಹುಡುಕುವ ಗಡಿಬಿಡಿ ಶುರು. ಎಷ್ಟೋ ಸಲ ಅದು ಧರ್ಮಸ್ಥಳಕ್ಕೆ ಹೊರಟ ಯಾರದೋ ಟ್ಯಾಕ್ಸಿ ಆಗಿರುತ್ತಿತ್ತು.

ಪೊಲೀಸರು ಗಾಡಿಗಳ ಬಗ್ಗೆ ಬಾಯಿ ಬಿಟ್ಟು ಮಾತಾಡುವ ಜಾಗ ಒಂದಿದೆ, ದೊಡ್ಡ ಬಂದೋಬಸ್ತ್. ನಮ್ಮಲ್ಲಿ ಡಿಸೆಂಬರ್ ಹೊತ್ತಿಗೆ ದತ್ತ ಜಯಂತಿಗೆ ಬಾಬಾಬುಡನ್‌ಗಿರಿ ಮೇಲೆ ಹೊರ ಜಿಲ್ಲೆಗಳಿಂದ ಫೋರ್ಸ್ ಬರುತ್ತದೆ. ಗಿರಿಯ ಕೆಳಗೆ ಬೇರೆ ಬೇರೆ ಜಿಲ್ಲೆಯ ಗಾಡಿಗಳು ಸಾಲಾಗಿ ನಿಲ್ಲುತ್ತವೆ. ಚಳಿ, ಮಂಜು, ಎದುರಿನ ಗಾಡಿ ಕಾಣುವುದಿಲ್ಲ. ಡ್ರೈವರ್‌ಗಳು ಒಂದು ಗಾಡಿಯಲ್ಲಿ ಸೇರುತ್ತೇವೆ. ಯಾವ ಗಾಡಿಯಲ್ಲಿ ಸೇರುತ್ತೇವೆ ಅನ್ನುವುದರಲ್ಲೇ ತೀರ್ಪು ಇದೆ ನೋಡಿ. ಜಿಪ್ಸಿಯಲ್ಲಿ ಯಾರೂ ಸೇರುವುದಿಲ್ಲ, ಕ್ಯಾನ್ವಾಸ್ ಒಳಗೆ ಗಾಳಿ ಬರುತ್ತದೆ. ಬೊಲೆರೊದಲ್ಲಿ ಸೇರುತ್ತೇವೆ.

ಅಲ್ಲಿ ನಡೆಯುವ ಜಗಳ ಕೇಳಬೇಕು. ಹಾವೇರಿಯವರಿಗೆ ಒಂದು ಗಾಡಿ ಇಷ್ಟ, ಉಡುಪಿಯವರಿಗೆ ಇನ್ನೊಂದು. ಬಯಲುಸೀಮೆಯ ಡ್ರೈವರ್‌ಗೆ ಎಸಿ ಮುಖ್ಯ. ಮೇ ತಿಂಗಳಲ್ಲಿ ರಾಯಚೂರಿನಲ್ಲಿ ಎಲೆಕ್ಷನ್ ಡ್ಯೂಟಿ ಮಾಡಿದವನ ಮುಂದೆ ಗ್ರೌಂಡ್ ಕ್ಲಿಯರೆನ್ಸ್ ಬಗ್ಗೆ ಮಾತಾಡಿದರೆ ನಕ್ಕುಬಿಡುತ್ತಾನೆ. ಕರಾವಳಿಯವನು ತುಕ್ಕಿನ ಬಗ್ಗೆ ಮಾತಾಡುತ್ತಾನೆ. ಉಪ್ಪು ಗಾಳಿಗೆ ಬಾಗಿಲಿನ ತಳ ತಿಂದುಹೋಗಿರುತ್ತದೆ, ಪೇಂಟ್ ಮೇಲೆ ಪೇಂಟ್ ಬಳಿದು ಪರೇಡ್‌ಗೆ ನಿಲ್ಲಿಸಿರುತ್ತಾರೆ.

ಬೊಲೆರೊ ಬಗ್ಗೆ ಹೇಳಬೇಕು. 2000ದಲ್ಲಿ ಬಂದ ಗಾಡಿ, ಇವತ್ತಿಗೂ ನಮ್ಮ ಕಡೆ ತುರ್ತು ಕರೆಯ ನಂಬರ್ 112 ಅಂತ ಬರೆದುಕೊಂಡು ಓಡಾಡುತ್ತಿದೆ. ನೋಡಲು ಡಬ್ಬ. ಆ ಡಬ್ಬದಲ್ಲೇ ಗುಣ ಇದೆ. ಡ್ರೈವರ್ ಸೀಟಲ್ಲಿ ಕೂತರೆ ಬಾನೆಟ್‌ನ ಎರಡೂ ಮೂಲೆ ಕಾಣುತ್ತದೆ. ಎಸ್ಟೇಟ್ ರಸ್ತೆಯಲ್ಲಿ ಒಂದು ಕಡೆ ಧರೆ, ಇನ್ನೊಂದು ಕಡೆ ಹಳ್ಳ. ಎದುರು ಬಂದ ಪಿಕಪ್‌ಗೆ ಜಾಗ ಬಿಡಲು ರಿವರ್ಸ್ ಬರಬೇಕು, ಅದೂ ರಾತ್ರಿ. ಆಗ ಗಾಡಿಯ ಮೂಲೆ ಎಲ್ಲಿದೆ ಅಂತ ಗೊತ್ತಿರುವುದೇ ಜೀವ. ಹೊಸ ಕಾರುಗಳ ಮೂತಿ ಉರುಟಾಗಿ ಇಳಿದುಹೋಗುತ್ತದೆ, ಅಂದಾಜಿನ ಮೇಲೆ ಓಡಿಸಬೇಕು. ಬಾಗಿಲು ನೇರವಾಗಿದೆ, ಅಗಲಕ್ಕೆ ತೆರೆಯುತ್ತದೆ. ಹೊಟ್ಟೆ ಬಂದ ಎಎಸ್ಐ ಕೂಡ ಒಂದೇ ಏಟಿಗೆ ಇಳಿಯುತ್ತಾರೆ. ಬಿಡಿಭಾಗ ಬಾಳೆಹೊನ್ನೂರಲ್ಲೂ ಸಿಗುತ್ತದೆ.

ಬೊಲೆರೊದ ಹಿಂದೆಯೂ ಪಕ್ಕಕ್ಕೆ ತಿರುಗಿ ಕೂರುವ ಸೀಟೇ. ಅದರಲ್ಲಿ ಕೂತ ಪಿಸಿ ಜಿಪ್ಸಿಯ ಪಿಸಿಗಿಂತ ಸ್ವಲ್ಪ ಕಡಿಮೆ ಬೈಯುತ್ತಾನೆ, ಅಷ್ಟೇ ವ್ಯತ್ಯಾಸ. ಹೈವೇಯಲ್ಲಿ ಸ್ಪೀಡ್ ಹೋದರೆ ತಿರುವಿನಲ್ಲಿ ವಾಲುತ್ತದೆ. ಯಾವನೋ ಹುಡುಗ ಹೊಸ ಕಾರಲ್ಲಿ ನೂರಿಪ್ಪತ್ತಕ್ಕೆ ಹೋದರೆ ಬೊಲೆರೊ ಹಿಡಿಯುವುದಿಲ್ಲ. ಹಿಡಿಯಬೇಕಾಗೂ ಇಲ್ಲ. ಮುಂದಿನ ಠಾಣೆಗೆ ವೈರ್‌ಲೆಸ್‌ನಲ್ಲಿ ಹೇಳಿದರೆ ಅವರು ಬ್ಯಾರಿಕೇಡ್ ಹಾಕುತ್ತಾರೆ. ಮದುವೆ ಊಟದ ಹುಡುಗನಿಗೆ ಈ ಉತ್ತರ ಇಷ್ಟವಾಗಲಿಲ್ಲ.

ಬೆಂಗಳೂರಿನಲ್ಲಿ ಹೊಯ್ಸಳ, ಅಂದರೆ ಅಲ್ಲಿನ ಪೊಲೀಸ್ ಗಸ್ತು ಗಾಡಿ, ಓಡಿಸುವ ಒಬ್ಬ ಗೆಳೆಯ ಮೈಸೂರು ದಸರಾ ಬಂದೋಬಸ್ತ್‌ನಲ್ಲಿ ಸಿಕ್ಕಿದ್ದ. ಅವನ ಲೋಕವೇ ಬೇರೆ. ಅವನು ಮೊದಲು ಶೆವರ್ಲೆ ಟವೇರಾ ಓಡಿಸಿದವನು, ಆಮೇಲೆ ಮಾರುತಿ ಎರ್ಟಿಗಾ. ಟವೇರಾ ಗಟ್ಟಿ ಗಾಡಿ, ಚಾಸಿ ಮೇಲೆ ಕೂರಿಸಿದ ಬಾಡಿ. ಆದರೆ ಶೆವರ್ಲೆಯವರು 2017ರ ಕೊನೆಗೆ ಇಲ್ಲಿ ಕಾರು ಮಾರುವುದನ್ನೇ ಬಿಟ್ಟರು, ಆಮೇಲೆ ಪಾರ್ಟ್ಸ್ ಚಿಂತೆ. ಎರ್ಟಿಗಾ ಹೇಗಿದೆ ಅಂತ ಕೇಳಿದೆ. "ಸಿಲ್ಕ್ ಬೋರ್ಡ್‌ನಲ್ಲಿ ಸೈರನ್ ಹಾಕಿದ್ರೆ ಯಾರೂ ಜಾಗ ಬಿಡಲ್ಲ ಗುರೂ. ಬಿಡೋಕೆ ಅವರಿಗೂ ಜಾಗ ಇರಬೇಕಲ್ಲ. ಅಲ್ಲಿ ಬೇಕಾಗಿರೋದು ಹಗುರ ಕ್ಲಚ್ಚು, ತಣ್ಣಗಿನ ಎಸಿ" ಅಂದ. ಅವನ ಲೆಕ್ಕದಲ್ಲಿ ಎರ್ಟಿಗಾಕ್ಕೆ ನೂರಕ್ಕೆ ತೊಂಬತ್ತು. ತಗ್ಗಿನ ಗಾಡಿ, ಹತ್ತಿ ಇಳಿಯಲು ಸುಲಭ. ರಾತ್ರಿ ಪಾಳಿಯಲ್ಲಿ ಹತ್ತಿ ಇಳಿದು ಹತ್ತಿ ಇಳಿದು ಮಂಡಿ ಸವೆದವರಿಗೆ ಇದರ ಬೆಲೆ ಗೊತ್ತು. 2017ರಲ್ಲಿ ಹೆಂಗಸರ ರಕ್ಷಣೆಗೆ ಅಂತ 51 ಪಿಂಕ್ ಹೊಯ್ಸಳ ಬಿಟ್ಟಾಗ ಅದರ ಬಣ್ಣದ ಬಗ್ಗೆ ಜನ ತಮಾಷೆ ಮಾಡಿದರು. ಒಳಗೆ ಕೂರುವ ಮಹಿಳಾ ಸಿಬ್ಬಂದಿ ಬಣ್ಣದ ಬಗ್ಗೆ ತಲೆ ಕೆಡಿಸಿಕೊಳ್ಳಲಿಲ್ಲವಂತೆ. ಪಾಳಿ ಮಧ್ಯೆ ಶೌಚಾಲಯಕ್ಕೆ ಎಲ್ಲಿ ಹೋಗೋದು ಅನ್ನೋದು ಅವರ ಪ್ರಶ್ನೆ. ಅದಕ್ಕೆ ಯಾವ ಮಾಡೆಲ್ಲೂ ಉತ್ತರ ಕೊಡುವುದಿಲ್ಲ.

ಅದೇ ಎರ್ಟಿಗಾವನ್ನು ನಮ್ಮ ಕಡೆ ತನ್ನಿ ನೋಡೋಣ. ಮುಂದಿನ ಚಕ್ರ ಎಳೆಯುವ ಗಾಡಿ. ಆರೇಳು ಜನ ಕೂತು ಒದ್ದೆ ಮಣ್ಣಿನ ಏರು ಹತ್ತುವಾಗ ತೂಕ ಹಿಂದಕ್ಕೆ ಹೋಗಿ ಮುಂದಿನ ಚಕ್ರ ಸುಮ್ನೆ ತಿರುಗುತ್ತದೆ. ಗಾಡಿಯ ತಪ್ಪಲ್ಲ, ಜಾಗದ ತಪ್ಪು.

ಗಾಡಿಗಳ ಬಗ್ಗೆ ಇಷ್ಟು ಹೇಳಿದ ಮೇಲೆ ಇನ್ನೊಂದು ಹೇಳಲೇಬೇಕು. ಪೊಲೀಸ್ ಗಾಡಿಯನ್ನು ಕೆಡಿಸುವುದು ಬಹಳ ಸಲ ಫ್ಯಾಕ್ಟರಿಯಲ್ಲ, ಆಮೇಲೆ ನಾವು ಅದಕ್ಕೆ ಹಾಕಿಸುವ ಸಾಮಾನು. ಹೊಸ ಗಾಡಿ ಬಂದ ಕೂಡಲೇ ಮೇಲೆ ದೀಪದ ಪಟ್ಟಿ, ಒಳಗೆ ವೈರ್‌ಲೆಸ್, ಮುಂದೆ ಸೈರನ್ ಹಾರ್ನ್, ಮೈಕ್. ಮೇಲ್ಛಾವಣಿಗೆ ತೂತು, ಡ್ಯಾಶ್‌ಬೋರ್ಡ್‌ಗೆ ತೂತು. ಹೆಡ್‌ಲೈಟ್‌ನ ವೈರಿಗೇ ಕತ್ತರಿ ಹಾಕಿ ಸೈರನ್‌ಗೆ ಕರೆಂಟ್ ಎಳೆಯುವುದು.

ಒಂದು ಸಲ ಮಂಗಳೂರು ಕಡೆಯಿಂದ ಒಬ್ಬ ಆರೋಪಿಯನ್ನು ಕರೆದುಕೊಂಡು ಬರುತ್ತಿದ್ದೆವು. ಗಾಡಿಯ ಹೆಸರು ಬೇಡ, ವೈರಿಂಗ್ ಮಾಡಿದವರ ಹೆಸರಂತೂ ಬೇಡವೇ ಬೇಡ. ಚಾರ್ಮಾಡಿ ಘಾಟಿ, ರಾತ್ರಿ, ಮಳೆ. ಹೇರ್‌ಪಿನ್ ತಿರುವಿನಲ್ಲಿ ಎದುರಿನ ಬಸ್ಸಿಗೆ ಸೈರನ್ ಒತ್ತಿದೆ. ಟಪ್ ಅಂತ ಹೆಡ್‌ಲೈಟ್ ಹೋಯಿತು. ಎರಡೂ. ಬ್ರೇಕ್ ಒತ್ತಿ ನಿಲ್ಲಿಸಿದೆ. ಎಡಗಡೆ ಕಲ್ಲಿನ ತಡೆಗೋಡೆ, ಅದರಾಚೆ ಏನಿದೆ ಅಂತ ಎಲ್ಲರಿಗೂ ಗೊತ್ತು. ಬಸ್ಸು ದಾಟಿತು. ಪಿಸಿ ಟಾರ್ಚ್ ಹಿಡಿದ, ನಾನು ಬಾನೆಟ್ ತೆಗೆದೆ. ಯಾವ ವೈರ್ ಎಲ್ಲಿಗೆ ಹೋಗಿದೆ ಅಂತ ಗೊತ್ತಾಗುತ್ತಿಲ್ಲ, ಎಲ್ಲಾ ಕಪ್ಪು ಟೇಪು. ಆಗ ಒಳಗಿಂದ ಆರೋಪಿ ಹೇಳಿದ, "ಸಾರ್, ಫ್ಯೂಸ್ ಹೋಗಿರುತ್ತೆ. ಮೊದಲು ಆ ಸೈರನ್ ವೈರ್ ಕಿತ್ತುಬಿಡಿ, ಇಲ್ಲಾಂದ್ರೆ ಹೊಸ ಫ್ಯೂಸೂ ಹೋಗುತ್ತೆ." ಅವನ ಮೇಲಿದ್ದದ್ದು ಪಂಪ್‌ಸೆಟ್ ಮೋಟಾರ್ ಕಳ್ಳತನದ ಕೇಸು. ವೈರಿಂಗ್ ಗೊತ್ತಿರದೆ ಇರುತ್ತಾ? ಹೇಳಿದ ಹಾಗೇ ಮಾಡಿದೆ. ಲೈಟ್ ಬಂತು. ಕೊಟ್ಟಿಗೆಹಾರದಲ್ಲಿ ಅವನಿಗೂ ಟೀ ಕೊಡಿಸಿದೆವು.

ದೀಪದ ಪಟ್ಟಿಯ ತೂತಿನಿಂದ ಮಳೆ ಸೋರುವುದು ಮಾಮೂಲು. ನಮ್ಮ ಒಂದು ಗಾಡಿಯಲ್ಲಿ ಅದು ಸರಿಯಾಗಿ ಸಾಹೇಬರ ಸೀಟಿನ ಮೇಲೇ ತೊಟ್ಟಿಕ್ಕುತ್ತಿತ್ತು. ಎರಡೇ ದಿನಕ್ಕೆ ರಿಪೇರಿ ಆಯಿತು. ಹಿಂದಿನ ಸೀಟಿನ ಮೇಲೆ ತೊಟ್ಟಿಕ್ಕಿದ್ದರೆ ಎಷ್ಟು ಮಳೆಗಾಲ ಬೇಕಾಗುತ್ತಿತ್ತೋ.

ಇದು ನಮ್ಮ ಕಡೆಯ ಕಥೆ ಮಾತ್ರ ಅಂದುಕೊಂಡಿದ್ದೆ. ಮಗಳು ಅಮೆರಿಕದ ಟೆಕ್ಸಾಸ್‌ನಲ್ಲಿದ್ದಾಳೆ, ಆಸ್ಟಿನ್ ಊರು. ಅಲ್ಲಿಗೆ ಹೋಗಿದ್ದಾಗ ಬೆಳಗ್ಗೆ ವಾಕಿಂಗ್‌ನಲ್ಲಿ ಒಬ್ಬ ಪೊಲೀಸ್ ಗಾಡಿ ನಿಲ್ಲಿಸಿಕೊಂಡು ಕಾಫಿ ಕುಡಿಯುತ್ತಿದ್ದ. ನಾನೂ ಪೊಲೀಸ್ ಡ್ರೈವರ್ ಆಗಿದ್ದೆ ಅಂತ ಮಗಳ ಕೈಲಿ ಹೇಳಿಸಿದೆ. ಅಷ್ಟೇ, ಮಾತು ನಿಲ್ಲಲಿಲ್ಲ. ಆಸ್ಟಿನ್‌ನಲ್ಲಿ 2017ರ ಜುಲೈನಲ್ಲಿ ಸುಮಾರು 400 ಫೋರ್ಡ್ ಎಕ್ಸ್‌ಪ್ಲೋರರ್ ಪೊಲೀಸ್ ಗಾಡಿಗಳನ್ನು ರಸ್ತೆಯಿಂದ ತೆಗೆದು ಬದಿಗೆ ನಿಲ್ಲಿಸಿದ್ದರು. ಗಾಡಿಯೊಳಗೆ ಕಾರ್ಬನ್ ಮಾನಾಕ್ಸೈಡ್ ಬರುತ್ತಿದೆ ಅನ್ನುವ ದೂರು. ದೀಪ, ರೇಡಿಯೋ ಕೂರಿಸಲು ಹಿಂದೆ ಕೊರೆದ ತೂತುಗಳನ್ನು ಸರಿಯಾಗಿ ಮುಚ್ಚದಿದ್ದದ್ದು ಕಾರಣ ಅಂತ ಫೋರ್ಡ್‌ನವರು ಹೇಳಿದರು, ತಮ್ಮ ಖರ್ಚಿನಲ್ಲೇ ಸರಿ ಮಾಡಿಕೊಡುತ್ತೇವೆ ಅಂದರು. ತೂತು! ನನಗೆ ನಗು ಬಂತು, ವಿಷಯ ನಗುವಂಥದ್ದಲ್ಲದಿದ್ದರೂ.

ಅವನಿಗೆ ಹಳೆಯ ಫೋರ್ಡ್ ಕ್ರೌನ್ ವಿಕ್ಟೋರಿಯಾ ಮೇಲೆ ಬಹಳ ಪ್ರೀತಿ. ದೊಡ್ಡ ಕಾರು, 4.6 ಲೀಟರಿನ ವಿ8 ಇಂಜಿನ್, ಹಿಂದಿನ ಚಕ್ರದ ಎಳೆತ, ಚಾಸಿ ಮೇಲೆ ಬಾಡಿ. ಫುಟ್‌ಪಾತ್ ಹತ್ತಿಸಿದರೂ ಏನೂ ಆಗದ ಗಾಡಿ ಅಂದ. ಕೆನಡಾದ ಸೇಂಟ್ ಥಾಮಸ್ ಅನ್ನುವ ಊರಲ್ಲಿ ತಯಾರಾಗುತ್ತಿತ್ತು, 2011ರ ಸೆಪ್ಟೆಂಬರ್‌ನಲ್ಲಿ ಕೊನೆಯದು ಹೊರಬಂತು. ಹಿಂದಿನಿಂದ ಜೋರಾಗಿ ಡಿಕ್ಕಿ ಹೊಡೆದರೆ ಟ್ಯಾಂಕ್‌ಗೆ ಬೆಂಕಿ ಹತ್ತಿ ಪೊಲೀಸರು ಸತ್ತ ಪ್ರಕರಣಗಳೂ ಆ ಗಾಡಿಗೆ ಇದ್ದವು. ಅದನ್ನೂ ಅವನೇ ಹೇಳಿದ. ಆದರೂ ಪ್ರೀತಿ. ನಮ್ಮ ಪಿಎಸ್ಐಗಳ ಜಿಪ್ಸಿ ಪ್ರೀತಿ ಇದೇ ತರಹದ್ದು ಅಲ್ವಾ?

ಈಗಿನ ಎಕ್ಸ್‌ಪ್ಲೋರರ್ ತೋರಿಸಿದ. ಎತ್ತರದ ಗಾಡಿ, ಹತ್ತಿ ಇಳಿಯಲು ಸುಲಭ. ಆದರೆ ಮಧ್ಯದಲ್ಲಿ ಲ್ಯಾಪ್‌ಟಾಪ್, ರೇಡಿಯೋ, ಸ್ವಿಚ್ಚುಗಳ ಗೂಡು. ಅವನ ಸೊಂಟದ ಬೆಲ್ಟ್‌ಗೆ ಪಿಸ್ತೂಲು, ಬೇಡಿ, ರೇಡಿಯೋ, ಶಾಕ್ ಕೊಡುವ ಟೇಸರ್. ಅಷ್ಟನ್ನು ಕಟ್ಟಿಕೊಂಡು ಕೂತರೆ ಸೊಂಟ ಒಂದು ಕಡೆಗೆ ತಿರುಗುತ್ತದೆ, ಬಲ ಮೊಣಕಾಲು ಲ್ಯಾಪ್‌ಟಾಪ್ ಸ್ಟ್ಯಾಂಡ್‌ಗೆ ತಾಗುತ್ತದೆ. ಇಡೀ ಪಾಳಿ ಹಾಗೇ. ಬೆನ್ನು ನೋವಿಗೆ ಬೆಲ್ಟ್ ಹಾಕಿಕೊಂಡಿದ್ದ. ನಾನೂ ನನ್ನ ಬೆನ್ನಿನ ಬೆಲ್ಟ್ ತೋರಿಸಿದೆ. ಮಗಳಿಗೆ ಏನನ್ನೂ ಅನುವಾದ ಮಾಡುವ ಕೆಲಸ ಇರಲಿಲ್ಲ.

ಅವನು ಹೇಳಿದ ಒಂದು ವಿಷಯ ನನ್ನ ತಲೆಯಲ್ಲಿ ಕೂತಿದೆ. 2020ರ ಮಾದರಿಯಿಂದ ಅವರ ಎಕ್ಸ್‌ಪ್ಲೋರರ್‌ನಲ್ಲಿ ಹೈಬ್ರಿಡ್ ಬಂದಿದೆ. ಗಾಡಿ ನಿಂತಾಗ ದೀಪ, ರೇಡಿಯೋ, ಕಂಪ್ಯೂಟರ್ ಎಲ್ಲಾ ದೊಡ್ಡ ಬ್ಯಾಟರಿಯಲ್ಲಿ ನಡೆಯುತ್ತವೆ. ಚಾರ್ಜ್ ಇಳಿದರೆ ಇಂಜಿನ್ ತಾನೇ ಸ್ಟಾರ್ಟ್ ಆಗಿ ತುಂಬಿಸಿ ಮತ್ತೆ ಆಫ್ ಆಗುತ್ತದೆ. ಅಂದರೆ ಅಲ್ಲಿ ಯಾರೋ ಒಬ್ಬರು ಕೂತು, ಪೊಲೀಸ್ ಗಾಡಿ ನಿಲ್ಲುವುದೇ ಜಾಸ್ತಿ ಅಂತ ಲೆಕ್ಕ ಹಾಕಿದ್ದಾರೆ. ಮಿಷಿಗನ್ ರಾಜ್ಯದ ಪೊಲೀಸರು ಪ್ರತಿ ವರ್ಷ ಹೊಸ ಪೊಲೀಸ್ ಗಾಡಿಗಳನ್ನು ಪರೀಕ್ಷೆ ಮಾಡಿ ವರದಿ ಹೊರಡಿಸುತ್ತಾರೆ. ವೇಗ, ಬ್ರೇಕ್ ಜೊತೆಗೆ ಸೀಟು ಹೇಗಿದೆ, ಹತ್ತಿ ಇಳಿಯಲು ಹೇಗೆ, ರೇಡಿಯೋ ಕೂರಿಸಲು ಜಾಗ ಇದೆಯಾ ಅನ್ನುವುದಕ್ಕೂ ಅಂಕ. ನನ್ನ ಇಡೀ ಸರ್ವಿಸ್‌ನಲ್ಲಿ ಸೀಟು ಹೇಗಿದೆ ಅಂತ ನನ್ನನ್ನು ಯಾರೂ ಕೇಳಿಲ್ಲ. ಸೀಟ್ ಕವರ್ ಯಾಕೆ ಹರಿದಿದೆ ಅಂತ ಕೇಳಿದ್ದಾರೆ.

ಹಾಗಂತ ಅಲ್ಲಿ ಎಲ್ಲಾ ಸರಿ ಅಂತಲ್ಲ. ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ 2019ರಲ್ಲಿ ಪೊಲೀಸರ ಟೆಸ್ಲಾ ಎಲೆಕ್ಟ್ರಿಕ್ ಕಾರೊಂದು ಒಂದು ಗಾಡಿಯನ್ನು ಅಟ್ಟಿಸಿಕೊಂಡು ಹೋಗುವಾಗಲೇ ಬ್ಯಾಟರಿ ಮುಗಿಯುತ್ತಿದೆ ಅಂತ ರೇಡಿಯೋದಲ್ಲಿ ಹೇಳಬೇಕಾಯಿತು. ಪಾಳಿ ಶುರುವಾದಾಗ ಪೂರ್ತಿ ಚಾರ್ಜ್ ಇರಲಿಲ್ಲವಂತೆ. ಹಿಂದಿನ ಪಾಳಿಯವನು ಟ್ಯಾಂಕ್ ಖಾಲಿ ಮಾಡಿ ಕೀ ಕೊಟ್ಟು ಹೋಗುವುದು ಎಲ್ಲಾ ದೇಶದ ಪೊಲೀಸರಿಗೂ ಗೊತ್ತಿರುವ ಕಷ್ಟ.

ನಿಂತೇ ಇರುವ ಗಾಡಿಗೆ ಅಂತ ಅಲ್ಲಿ ಹೈಬ್ರಿಡ್ ಮಾಡಿದರೆ, ನಮ್ಮಲ್ಲಿ ಈಗ ನಡೆಯುತ್ತಿರುವುದು ಅದರ ಉಲ್ಟಾ. ನನ್ನ ಅಕ್ಕನ ಮಗ ಈಗ 112 ಗಾಡಿಯಲ್ಲಿದ್ದಾನೆ. ಹೋದ ತಿಂಗಳು ಫೋನ್ ಮಾಡಿದ. "ಮಾವ, ಡ್ಯಾಶ್‌ಬೋರ್ಡ್‌ನಲ್ಲಿ ಹಳದಿ ದೀಪ ಬಂದಿದೆ, ಪಿಕಪ್ ಇಲ್ಲ." ನನಗೆ ಗೊತ್ತಾಯಿತು. 2020ರ ಏಪ್ರಿಲ್‌ನಲ್ಲಿ ಹೊಗೆ ಕಡಿಮೆ ಮಾಡುವ ಬಿಎಸ್ 6 ನಿಯಮ ಬಂದ ಮೇಲೆ ಡೀಸೆಲ್ ಗಾಡಿಗಳ ಸೈಲೆನ್ಸರ್ ದಾರಿಯಲ್ಲಿ ಒಂದು ಜಾಲರಿ ಇರುತ್ತದೆ, ಡಿಪಿಎಫ್ ಅಂತ. ಹೊಗೆಯ ಮಸಿಯನ್ನು ಹಿಡಿದಿಟ್ಟುಕೊಂಡು, ಬಿಸಿ ಏರಿದಾಗ ಸುಟ್ಟುಹಾಕುತ್ತದೆ. ಬಿಸಿ ಏರಬೇಕಾದರೆ ಗಾಡಿ ಸ್ವಲ್ಪ ಹೊತ್ತು ಒಂದೇ ಸಮನೆ ಓಡಬೇಕು. 112 ಗಾಡಿ ಎಲ್ಲಿ ಓಡುತ್ತದೆ? ಗೊತ್ತುಮಾಡಿದ ಜಾಗದಲ್ಲಿ, ಅಂದರೆ ಪಾಯಿಂಟ್‌ನಲ್ಲಿ, ಇಂಜಿನ್ ಆನ್ ಇಟ್ಟುಕೊಂಡು ನಿಲ್ಲುತ್ತದೆ, ಕಾಲ್ ಬಂದರೆ ಮೂರು ಕಿಲೋಮೀಟರ್ ಹೋಗುತ್ತದೆ, ಮತ್ತೆ ನಿಲ್ಲುತ್ತದೆ. ಮಸಿ ತುಂಬುತ್ತದೆ. ಹೈವೇಗೆ ಹೋಗಿ ಮೂರನೇ ಗೇರ್‌ನಲ್ಲಿ ಇಪ್ಪತ್ತು ನಿಮಿಷ ಓಡಿಸು, ದೀಪ ಹೋಗುತ್ತದೆ ಅಂತ ಹೇಳಿದೆ.

"ಹೇಗೆ ಹೋಗ್ಲಿ ಮಾವ? ಜಿಪಿಎಸ್ ಇದೆ. ಪಾಯಿಂಟ್ ಬಿಟ್ಟು ಯಾಕೆ ಹೋದೆ ಅಂತ ಕಂಟ್ರೋಲ್ ರೂಮಿಂದ ಕೇಳ್ತಾರೆ" ಅಂದ.

ಅದೂ ಸರಿ. ಈಗಿನ ಗಾಡಿಯಲ್ಲಿ ಟ್ಯಾಬ್ ಇದೆ. ಕಾಲ್ ಎಷ್ಟು ಗಂಟೆಗೆ ಬಂತು, ಗಾಡಿ ಎಷ್ಟು ಗಂಟೆಗೆ ತಲುಪಿತು, ಎಲ್ಲಾ ಅದರಲ್ಲಿ ದಾಖಲು. ಜನರಿಗೆ ಒಳ್ಳೆಯದೇ. ನಮ್ಮ ಕಾಲದಲ್ಲಿ "ಸ್ಥಳಕ್ಕೆ ಹೊರಟಿದ್ದೇವೆ" ಅಂತ ವೈರ್‌ಲೆಸ್‌ನಲ್ಲಿ ಹೇಳಿ ಟೀ ಮುಗಿಸಿ ಹೊರಟದ್ದೂ ಉಂಟು. ಆದರೆ ಗಾಡಿಯ ಮಸಿ ಸುಡಲು ಇಪ್ಪತ್ತು ನಿಮಿಷ ಅಂತ ಆ ಟ್ಯಾಬ್‌ನಲ್ಲಿ ಒತ್ತಲು ಒಂದು ಬಟನ್ ಇಲ್ಲ. ಕೊನೆಗೆ ಅವನು ಲಿಖಿತವಾಗಿ ಅನುಮತಿ ಕೇಳಿ, ಕಡೂರು ರಸ್ತೆಯಲ್ಲಿ ಓಡಿಸಿಕೊಂಡು ಬಂದ. ದೀಪ ಹೋಯಿತು. ಮೂರು ವಾರಕ್ಕೆ ಮತ್ತೆ ಬಂತು.

ಹಳೆಯ ಜೀಪುಗಳು ಈಗ ಇಲ್ಲ. 15 ವರ್ಷ ದಾಟಿದ ಸರ್ಕಾರಿ ಗಾಡಿಗಳ ರಿಜಿಸ್ಟ್ರೇಷನ್ 2023ರ ಏಪ್ರಿಲ್ 1ರಿಂದ ನವೀಕರಣ ಆಗುವುದಿಲ್ಲ. ಇಲಾಖೆಯ ಗಾಡಿಗಳನ್ನು ನೋಡಿಕೊಳ್ಳುವ ಎಂಟಿ ಸೆಕ್ಷನ್‌ನಲ್ಲಿ ಉಳಿದಿದ್ದ ಒಂದೆರಡು ಗಾಡಿಗಳೂ ಗುಜರಿಗೆ ಹೋದವು. ಬೇಜಾರು ಮಾಡಿಕೊಂಡವರಿದ್ದಾರೆ. ನಾನು ಮಾಡಿಕೊಂಡಿಲ್ಲ, ಭುಜ ಇನ್ನೂ ನೋಯುತ್ತದೆ.

ಒಬ್ಬ ಓದುಗರು ಶ್ವಾನದಳದ ಗಾಡಿ ಬಗ್ಗೆ ಬರೆಯಿರಿ ಅಂತ ಕೇಳಿದ್ದಾರೆ. ಅದನ್ನು ನಾನು ಓಡಿಸಿಲ್ಲ. ಓಡಿಸಿದವರು ಒಬ್ಬರು ಮೂಡಿಗೆರೆಯಲ್ಲಿದ್ದಾರೆ, ನಾಯಿಗೆ ಯಾವ ಗಾಡಿ ಇಷ್ಟವಿತ್ತು ಅನ್ನುವುದು ಅವರಿಗೆ ಚೆನ್ನಾಗಿ ಗೊತ್ತು. ಮುಂದಿನ ವಾರ ಆ ಕಡೆ ಹೋಗುವುದಿದೆ, ಕೇಳಿಕೊಂಡು ಬಂದು ಬರೆಯುತ್ತೇನೆ.